ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ: ಮಕ್ಕಳ ಐವಿ ಪೋಷಣೆಗೆ ಯಾವ ಫಿಲ್ಟರ್ ಬೇಕು?

2010ರ ಆಗಸ್ಟ್. ಜರ್ಮನಿಯ ಮೈಂಟ್ಸ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆ. ಬಾಯಿಂದ ಆಹಾರ ತೆಗೆದುಕೊಳ್ಳಲಾಗದ ಹನ್ನೊಂದು ಮಕ್ಕಳಿಗೆ ರಕ್ತನಾಳದ ಮೂಲಕ ಪೋಷಣೆ ಕೊಡಲಾಗುತ್ತಿತ್ತು. ಆ ದ್ರವದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಅವರಲ್ಲಿ ಮೂರು ಮಕ್ಕಳು ಮುಂದಿನ ದಿನಗಳಲ್ಲಿ ತೀರಿಕೊಂಡವು. ದ್ರವ ಬೆರೆಸಿದ್ದು ಆಸ್ಪತ್ರೆಯದೇ ಔಷಧ ವಿಭಾಗ. ಹಾಗಾಗಿ ಎಲ್ಲರ ಅನುಮಾನ ಮೊದಲು ಅಲ್ಲಿನ ಸಿಬ್ಬಂದಿ ಮೇಲೆ ಹೋಯಿತು.

ತನಿಖೆಯಲ್ಲಿ ಕಂಡದ್ದು ಬೇರೆ. ದ್ರವದಲ್ಲಿ ಬ್ಯಾಕ್ಟೀರಿಯಾ ಮಾತ್ರವಲ್ಲ, ಅವು ಬಿಟ್ಟ ವಿಷವೂ ಇತ್ತು. ಅದರ ಪ್ರಮಾಣ ತೀರಾ ಜಾಸ್ತಿ ಇತ್ತು. ಬೆರೆಸುವಾಗ ಕೈತಪ್ಪಿನಿಂದ ಬ್ಯಾಕ್ಟೀರಿಯಾ ಸೇರಿದ್ದರೆ, ಕೆಲವೇ ಗಂಟೆಗಳಲ್ಲಿ ಅಷ್ಟು ವಿಷ ಕೂಡಿಕೊಳ್ಳಲು ಸಾಧ್ಯವಿರಲಿಲ್ಲ. ಅಂದರೆ ಅವು ಎಷ್ಟೋ ಮೊದಲೇ ಎಲ್ಲೋ ಕುಳಿತು ಬೆಳೆದಿದ್ದವು. ಬೆರೆಸಲು ಬಳಸಿದ ಗಾಜಿನ ಬಾಟಲಿಗಳಲ್ಲಿ ಒಂದಕ್ಕೆ ಹಾನಿಯಾಗಿತ್ತು. ಆಸ್ಪತ್ರೆ ತಲುಪುವ ಮೊದಲೇ ಬ್ಯಾಕ್ಟೀರಿಯಾ ಅದರೊಳಗೆ ಹೊಕ್ಕಿತ್ತು. ಸಿಬ್ಬಂದಿ ಮೇಲಿನ ಆರೋಪ ಕಳಚಿತು.

ತನಿಖೆಗೆ ದಾರಿ ತೋರಿದ ಆ ವಿಷದ ಹೆಸರು ಎಂಡೋಟಾಕ್ಸಿನ್. ಅದನ್ನು ಮಗುವಿನ ರಕ್ತ ಸೇರದಂತೆ ತಡೆಯಬಹುದೇ? ತಡೆಯುತ್ತೇವೆ ಎಂದು ಮಾರಾಟವಾಗುವ ಫಿಲ್ಟರ್‌ಗಳು ಎಲ್ಲಿಯವರೆಗೆ ತಡೆಯುತ್ತವೆ? ಪ್ರಶ್ನೆ ಸುಲಭವಾಗಿ ಕಾಣುತ್ತದೆ. ಉತ್ತರ ಅಷ್ಟು ಸುಲಭವಲ್ಲ.

ಕುದಿಸಿದರೂ ಸಾಯದ್ದು

ಬ್ಯಾಕ್ಟೀರಿಯಾಗಳಲ್ಲಿ ಗ್ರಾಂ-ನೆಗೆಟಿವ್ ಎಂಬ ದೊಡ್ಡ ಗುಂಪಿದೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್, ಸೆರಾಷಿಯಾ, ಸ್ಯೂಡೋಮೊನಾಸ್ ಎಲ್ಲವೂ ಇದರಲ್ಲೇ ಬರುತ್ತವೆ. ಇವುಗಳ ಹೊರಪೊರೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಕೂಡಿಕೊಂಡ ಒಂದು ಅಣು ಇರುತ್ತದೆ. ಅದೇ ಎಂಡೋಟಾಕ್ಸಿನ್. ಬ್ಯಾಕ್ಟೀರಿಯಾ ಬೆಳೆಯುವಾಗ ಅದು ಸ್ವಲ್ಪ ಸ್ವಲ್ಪ ಉದುರುತ್ತಿರುತ್ತದೆ. ಸತ್ತು ಒಡೆದಾಗ ಒಟ್ಟಿಗೇ ಹೊರಬರುತ್ತದೆ. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲೇ ಇದನ್ನು ಗಮನಿಸಿದ್ದರು. ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ಕೊಂದ ಮೇಲೂ ಅದು ಗಿನಿ ಪಿಗ್‌ಗಳಿಗೆ ವಿಷವಾಗಿತ್ತು.

ನಮ್ಮ ದೇಹಕ್ಕೆ ಈ ಅಣು ಅಂದರೆ ಅಪಾಯದ ಗಂಟೆ. ರೋಗನಿರೋಧಕ ಕಣಗಳ ಮೇಲೆ ಅದನ್ನೇ ಗುರುತಿಸುವ ಗ್ರಾಹಕವೊಂದಿದೆ. ಆ ಗ್ರಾಹಕವನ್ನು ಪತ್ತೆ ಹಚ್ಚಿದ ಬ್ರೂಸ್ ಬ್ಯೂಟ್ಲರ್ 2011ರ ನೊಬೆಲ್ ಹಂಚಿಕೊಂಡರು. ಗಂಟೆ ಬಾರಿಸಿದೊಡನೆ ಜ್ವರ ಬರುತ್ತದೆ. ವಿಷ ಜಾಸ್ತಿಯಾದರೆ ರಕ್ತದೊತ್ತಡ ಕುಸಿಯುತ್ತದೆ, ಸಣ್ಣ ನಾಳಗಳು ಸೋರುತ್ತವೆ, ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ. ಇಷ್ಟಕ್ಕೆಲ್ಲ ಒಂದೇ ಒಂದು ಜೀವಂತ ಬ್ಯಾಕ್ಟೀರಿಯಾವೂ ಬೇಕಿಲ್ಲ.

ಆಂಟಿಬಯಾಟಿಕ್‌ಗೆ ಇಲ್ಲಿ ಕೆಲಸವಿಲ್ಲ. ಶಾಖಕ್ಕೂ ಇದು ಜಗ್ಗುವುದಿಲ್ಲ. ಆಸ್ಪತ್ರೆಯ ಆಟೋಕ್ಲೇವ್ 121 ಡಿಗ್ರಿ ಸೆಲ್ಸಿಯಸ್‌ನ ಹಬೆಯಲ್ಲಿ ಜೀವಾಣುಗಳನ್ನು ಕೊಲ್ಲುತ್ತದೆ. ಎಂಡೋಟಾಕ್ಸಿನ್ ಮಾತ್ರ ಬಹುಪಾಲು ಹಾಗೇ ಉಳಿಯುತ್ತದೆ. ಅದನ್ನು ನಾಶ ಮಾಡಲು ಸುಮಾರು 250 ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಖಾಲಿ ಗಾಜಿನ ಬಾಟಲಿಗೆ ಹೀಗೆ ಮಾಡಬಹುದು. ಗ್ಲೂಕೋಸ್, ಅಮೈನೋ ಆಮ್ಲ, ವಿಟಮಿನ್ ತುಂಬಿದ ಚೀಲಕ್ಕೆ ಮಾಡಲಾಗದು, ಅಲ್ವಾ?

ಈ ಪಾಠ ಕಲಿಸಿದವರಲ್ಲಿ ನನಗೆ ಬಹಳ ಇಷ್ಟವಾದವರು ಅಮೆರಿಕದ ಫ್ಲಾರೆನ್ಸ್ ಸೀಬರ್ಟ್. ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ಇಂಜೆಕ್ಷನ್ ಕೊಟ್ಟರೂ ಜ್ವರ ಬರುತ್ತದೆ, ಯಾಕೆ? 1920ರ ದಶಕದ ಆರಂಭದಲ್ಲಿ ಅವರು ಇದರ ಬೆನ್ನು ಹತ್ತಿದರು. ನೀರು ಕುದಿಯುವಾಗ ಹಬೆಯ ಜೊತೆ ಸಣ್ಣ ಹನಿಗಳು ಹಾರಿಹೋಗುತ್ತಿದ್ದವು. ಆ ಹನಿಗಳಲ್ಲಿ ಬ್ಯಾಕ್ಟೀರಿಯಾದ ವಿಷ ಸವಾರಿ ಮಾಡುತ್ತಿತ್ತು. ಹನಿಗಳನ್ನು ತಡೆಯುವ ಉಪಕರಣ ಮಾಡಿದರು, ಜ್ವರ ನಿಂತಿತು. ಜೀವಾಣು ಇಲ್ಲದ ದ್ರವ ಬೇರೆ, ವಿಷ ಇಲ್ಲದ ದ್ರವ ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. ಈ ಲೇಖನದ ಉಳಿದದ್ದೆಲ್ಲ ಈ ಒಂದು ವ್ಯತ್ಯಾಸದ ಮೇಲೇ ನಿಂತಿದೆ.

ಮಕ್ಕಳಿಗೇ ಯಾಕೆ ಹೆಚ್ಚು ಅಪಾಯ?

ಅವಧಿಗೆ ತುಂಬಾ ಮೊದಲೇ ಹುಟ್ಟಿದ ಕೂಸು, ಹೊಟ್ಟೆಯ ಗೋಡೆ ಕೂಡದೆ ಕರುಳು ಹೊರಗೆ ಬಂದು ಹುಟ್ಟಿದ ಕೂಸು, ಕರುಳಿನ ಬಹುಭಾಗ ಕತ್ತರಿಸಬೇಕಾಗಿ ಬಂದ ಮಗು. ಇಂಥವರಿಗೆ ಹಾಲು ಒಳಗೆ ಹೋದರೂ ಅರಗುವುದಿಲ್ಲ. ಅವರನ್ನು ಬದುಕಿಸುವುದು ಆಸ್ಪತ್ರೆಯವರು ಟಿಪಿಎನ್ ಎನ್ನುವ ಐವಿ ಪೋಷಣೆ. ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ, ಬೇಕಾದ ಎಲ್ಲ ಆಹಾರವನ್ನೂ ಅದರ ಮೂಲಕ ಹನಿಸುತ್ತಾರೆ. ಸ್ಟ್ಯಾನ್ಲಿ ಡ್ಯುಡ್ರಿಕ್ ಮತ್ತು ಡಗ್ಲಾಸ್ ವಿಲ್ಮೋರ್ 1968ರಲ್ಲಿ ಫಿಲಡೆಲ್ಫಿಯಾದಿಂದ ಇದರ ವರದಿ ಪ್ರಕಟಿಸಿದರು. ಬರೀ ರಕ್ತನಾಳದ ಮೂಲಕ ಆಹಾರ ಪಡೆದ ಹೆಣ್ಣು ಕೂಸೊಂದು ತೂಕ ಏರಿಸಿಕೊಂಡು ಬೆಳೆದದ್ದು ಆಗ ಪವಾಡದಂತಿತ್ತು. ಮರುವರ್ಷವೇ ಇದೇ ಇಬ್ಬರು ಐವಿ ಕೊಳವೆಯ ನಡುವೆ ಕೂರಿಸುವ ಫಿಲ್ಟರ್ ಬಗ್ಗೆಯೂ ಬರೆದರು. ಅಂದರೆ ಫಿಲ್ಟರ್ ಆಮೇಲೆ ಹೊಳೆದ ಅಲಂಕಾರವಲ್ಲ. ಮೊದಲ ಕೂಸನ್ನು ನೋಡಿಕೊಂಡವರಿಗೇ ಅದರ ಅಗತ್ಯ ಕಂಡಿತ್ತು.

ಆಹಾರ ಬಾಯಿಂದ ಹೋದರೆ ಹೊಟ್ಟೆಯ ಆಮ್ಲ, ಕರುಳಿನ ಪೊರೆ, ಯಕೃತ್ತು ಎಂದು ಮೂರು ಕಾವಲು ದಾಟಬೇಕು. ಟಿಪಿಎನ್ ಇವನ್ನೆಲ್ಲ ಬಿಟ್ಟು ನೇರ ರಕ್ತಕ್ಕೆ ಹೋಗುತ್ತದೆ. ಅದೂ ದಿನಕ್ಕೆ ಹಲವು ಗಂಟೆ, ವಾರಗಟ್ಟಲೆ, ಕೆಲವು ಮಕ್ಕಳಿಗೆ ವರ್ಷಗಟ್ಟಲೆ.

ಇನ್ನೊಂದು ಸರಳ ಲೆಕ್ಕವಿದೆ. ರಕ್ತಕ್ಕೆ ಕೊಡುವ ಔಷಧದಲ್ಲಿ ದೇಹದ ತೂಕದ ಕಿಲೋಗೆ, ಗಂಟೆಗೆ 5 ಯೂನಿಟ್‌ಗಿಂತ ಹೆಚ್ಚು ಎಂಡೋಟಾಕ್ಸಿನ್ ಇರಬಾರದು ಎಂಬುದು ಒಪ್ಪಿತ ಮಿತಿ. ಒಂದು ಯೂನಿಟ್ ಅಂದರೆ ಸುಮಾರು ಒಂದು ಗ್ರಾಂನ ಸಾವಿರ ಕೋಟಿಯಲ್ಲಿ ಒಂದು ಪಾಲು. ಈಗ 60 ಕಿಲೋ ತೂಕದ ದೊಡ್ಡವರನ್ನು ತೆಗೆದುಕೊಳ್ಳಿ. ದಿನಕ್ಕೆ 2 ಲೀಟರ್ ಅಂದರೆ ಗಂಟೆಗೆ 83 ಮಿಲಿ. ಅವರ ಮಿತಿ ಗಂಟೆಗೆ 300 ಯೂನಿಟ್. ಹಾಗಾಗಿ ಪ್ರತಿ ಮಿಲಿಯಲ್ಲಿ 3.6 ಯೂನಿಟ್ ಇದ್ದರೆ ಅವರು ಮಿತಿ ಮುಟ್ಟುತ್ತಾರೆ. ಒಂದು ಕಿಲೋ ತೂಕದ ಕೂಸಿಗೆ ದಿನಕ್ಕೆ 150 ಮಿಲಿ, ಅಂದರೆ ಗಂಟೆಗೆ 6 ಮಿಲಿಗೂ ಸ್ವಲ್ಪ ಜಾಸ್ತಿ ಬೇಕು. ಅದರ ಮಿತಿ 5 ಯೂನಿಟ್ ಮಾತ್ರ. ಪ್ರತಿ ಮಿಲಿಯಲ್ಲಿ 0.8 ಯೂನಿಟ್ ಇದ್ದರೂ ಮಿತಿ ಮುಗಿಯಿತು. ಅದೇ ಚೀಲ, ಅದೇ ದ್ರವ. ಕೂಸಿಗೆ ಬೀಳುವ ಹೊರೆ ನಾಲ್ಕು ಪಟ್ಟಿಗಿಂತ ಹೆಚ್ಚು. ಸಣ್ಣ ದೇಹಕ್ಕೆ ತೂಕದ ಲೆಕ್ಕದಲ್ಲಿ ದ್ರವ ಜಾಸ್ತಿ ಬೇಕು ಎಂಬುದೇ ಇದಕ್ಕೆ ಕಾರಣ.

ಇಂಜೆಕ್ಷನ್‌ಗೆ ಬಳಸುವ ನೀರಿನಲ್ಲಿ ಮಿಲಿಗೆ 0.25 ಯೂನಿಟ್‌ಗಿಂತ ಹೆಚ್ಚು ಇರಬಾರದು ಎಂಬ ನಿಯಮವಿದೆ. ಕಾರ್ಖಾನೆಯಿಂದ ಬರುವ ಒಂದೊಂದು ಘಟಕವನ್ನೂ ಪರೀಕ್ಷಿಸುತ್ತಾರೆ. ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಮಾಡುವ ಎಲ್‌ಎಎಲ್ ಪರೀಕ್ಷೆ ಇದಕ್ಕೆ ದಶಕಗಳಿಂದ ಬಳಕೆಯಲ್ಲಿದೆ. ಆದರೆ ಮಗುವಿನ ಟಿಪಿಎನ್ ಕಾರ್ಖಾನೆಯಿಂದ ಸಿದ್ಧವಾಗಿಯೇ ಬರಬೇಕೆಂದಿಲ್ಲ. ಎಷ್ಟೋ ಸಲ ಆ ದಿನದ ತೂಕ, ಆ ದಿನದ ರಕ್ತಪರೀಕ್ಷೆ ನೋಡಿ ಒಂದೇ ಮಗುವಿಗಾಗಿ ಹಲವು ಬಾಟಲಿಗಳಿಂದ ಬೆರೆಸುತ್ತಾರೆ. ಜೀವಾಣು ಇಲ್ಲವೆಂದು ಖಚಿತಪಡಿಸುವ ಪ್ರಮಾಣಿತ ಪರೀಕ್ಷೆಗೆ 14 ದಿನ ಬೇಕು. ಆ ಚೀಲ ಅದೇ ದಿನವೋ ಮರುದಿನವೋ ಮಗುವಿನ ರಕ್ತ ಸೇರಿರುತ್ತದೆ. ಚೀಲಕ್ಕೂ ಮಗುವಿಗೂ ನಡುವೆ ಕೊನೆಗೆ ಉಳಿಯುವುದು ಕೊಳವೆಯಲ್ಲಿ ಕೂರಿಸಿದ ಆ ಸಣ್ಣ ಪ್ಲಾಸ್ಟಿಕ್ ಡಬ್ಬಿ ಮಾತ್ರ.

ಜರಡಿ ಮತ್ತು ಅಂಟು

ಸಾಮಾನ್ಯ ಫಿಲ್ಟರ್ ಒಂದು ಜರಡಿ. ಅದರ ತೂತು 0.2 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಬ್ಯಾಕ್ಟೀರಿಯಾ ಅದಕ್ಕಿಂತ ದೊಡ್ಡದು, ಹಾಗಾಗಿ ಸಿಕ್ಕಿಕೊಳ್ಳುತ್ತದೆ. ಎಂಡೋಟಾಕ್ಸಿನ್ ಒಂದು ಅಣು. ಅದು ಗುಂಪುಗೂಡಿದರೂ ಬಹುತೇಕ ಆ ತೂತಿಗಿಂತ ಚಿಕ್ಕದೇ. ಆರಾಮಾಗಿ ನುಸುಳುತ್ತದೆ.

ಹಾಗಾದರೆ ತೂತು ಇನ್ನೂ ಸಣ್ಣದು ಮಾಡಬಹುದಲ್ವಾ? ಮಾಡಿದರೆ ದ್ರವ ಹರಿಯುವುದೇ ಕಷ್ಟ. ಅದಕ್ಕೇ ಬೇರೆ ಉಪಾಯ ಹುಡುಕಿದರು. ಎಂಡೋಟಾಕ್ಸಿನ್ ಅಣುವಿನಲ್ಲಿ ಫಾಸ್ಫೇಟ್ ಇರುವುದರಿಂದ ಅದಕ್ಕೆ ಋಣ ವಿದ್ಯುದಂಶ ಇರುತ್ತದೆ. ಫಿಲ್ಟರ್‌ನ ನೈಲಾನ್ ಪೊರೆಗೆ ಧನ ವಿದ್ಯುದಂಶ ಕೊಟ್ಟರೆ, ಅಣು ತೂತಿನ ಗೋಡೆಗೆ ಅಂಟಿಕೊಳ್ಳುತ್ತದೆ. ತಲೆಗೂದಲಿಗೆ ತಿಕ್ಕಿದ ಬಾಚಣಿಗೆಗೆ ಕಾಗದದ ಚೂರು ಹತ್ತಿಕೊಂಡ ಹಾಗೆ. ಬ್ಯಾಕ್ಟೀರಿಯಾಕ್ಕೆ ಜರಡಿ, ವಿಷಕ್ಕೆ ಅಂಟು. ಒಂದೇ ಪೊರೆಯಲ್ಲಿ ಎರಡು ಕೆಲಸ.

ಇದರಿಂದ ಇನ್ನೊಂದು ಲಾಭವಿದೆ, ನನ್ನ ಪ್ರಕಾರ ಅದೇ ದೊಡ್ಡದು. ಸಾದಾ ಫಿಲ್ಟರ್‌ನಲ್ಲಿ ಸಿಕ್ಕಿಬಿದ್ದ ಬ್ಯಾಕ್ಟೀರಿಯಾ ಸುಮ್ನೆ ಕೂರುವುದಿಲ್ಲ. ಅಲ್ಲೇ ಬೆಳೆಯುತ್ತದೆ, ಸಾಯುತ್ತದೆ, ಎಂಡೋಟಾಕ್ಸಿನ್ ಉದುರಿಸುತ್ತದೆ. ಆ ವಿಷ ತೂತಿನ ಮೂಲಕ ಮಗುವಿನ ಕಡೆಗೇ ಹೋಗುತ್ತದೆ. ಅಂದರೆ ರಕ್ಷಣೆಗೆಂದು ಇಟ್ಟ ಫಿಲ್ಟರ್ ಹೊತ್ತು ಮೀರಿದರೆ ತಾನೇ ವಿಷದ ಮೂಲವಾಗಬಹುದು. ಅದಕ್ಕೇ ಸಾದಾ ಫಿಲ್ಟರನ್ನು 24 ಗಂಟೆಗೊಮ್ಮೆ ಬದಲಿಸುತ್ತಾರೆ. ವಿದ್ಯುದಂಶ ಇರುವ ಪೊರೆಯ ಫಿಲ್ಟರ್‌ಗಳು 96 ಗಂಟೆವರೆಗೆ ಇರಬಲ್ಲವು. ಬದಲಿಸಲು ಕೊಳವೆ ಬಿಚ್ಚಿದಾಗಲೆಲ್ಲ ಹೊಸ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ನಾಲ್ಕು ಸಲದ ಬದಲು ಒಂದೇ ಸಲ ತೆರೆದರೆ ಅಷ್ಟು ಅಪಾಯ ಕಡಿಮೆ.

ಮಿತಿಗಳೂ ಇವೆ. ಅಂಟುವ ಜಾಗ ತುಂಬಿದ ಮೇಲೆ ವಿಷ ಮುಂದೆ ಹೋಗುತ್ತದೆ. ಕೆಲವು ಔಷಧಗಳೂ ಪೊರೆಗೆ ಅಂಟುತ್ತವೆ. ಇನ್ಸುಲಿನ್‌ನಂಥದ್ದು ಅಂಟಿಕೊಂಡರೆ ಮಗುವಿಗೆ ಸಿಗುವ ಡೋಸ್ ಕಡಿಮೆಯಾಗುತ್ತದೆ. ಆದರೆ ಇವೆಲ್ಲ ಗೊತ್ತಿದ್ದು ಸಂಭಾಳಿಸಬಹುದಾದ ತೊಂದರೆಗಳು. ದೊಡ್ಡ ತೊಡಕು ಇನ್ನೊಂದಿದೆ. ಅದರ ಬಗ್ಗೆ ಮಾತು ಕಡಿಮೆ.

ಮಕ್ಕಳ ಟಿಪಿಎನ್ ಸಾಮಾನ್ಯವಾಗಿ ಎರಡು ಕೊಳವೆಯಲ್ಲಿ ಬರುತ್ತದೆ. ಒಂದರಲ್ಲಿ ಗ್ಲೂಕೋಸ್, ಅಮೈನೋ ಆಮ್ಲ, ಲವಣಗಳಿರುವ ತಿಳಿ ದ್ರವ. ಇನ್ನೊಂದರಲ್ಲಿ ಬಿಳಿ ಬಣ್ಣದ ಲಿಪಿಡ್, ಅಂದರೆ ಕೊಬ್ಬು. ಕೊಬ್ಬಿನ ಹನಿಗಳು ಸುಮಾರು 0.3 ಮೈಕ್ರಾನ್ ಇರುತ್ತವೆ, 0.2ರ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಲಿಪಿಡ್‌ಗೆ 1.2 ಮೈಕ್ರಾನ್‌ನ ಫಿಲ್ಟರ್ ಹಾಕುತ್ತಾರೆ. ಅದು ದೊಡ್ಡ ಕಣಗಳನ್ನೂ ಕ್ಯಾಂಡಿಡಾ ಎಂಬ ಶಿಲೀಂಧ್ರವನ್ನೂ ಹಿಡಿಯುತ್ತದೆ. ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ ಎಂದು ನಂಬುವಂತಿಲ್ಲ. ಎಂಡೋಟಾಕ್ಸಿನ್ ವಿಷಯದಲ್ಲಂತೂ ಇಲ್ಲವೇ ಇಲ್ಲ. ಲಿಪಿಡ್ ಕೊಳವೆ ತಿಳಿ ದ್ರವದ ಫಿಲ್ಟರ್ ದಾಟಿದ ಮೇಲೆ ಬಂದು ಕೂಡುತ್ತದೆ. ಇನ್ನೊಂದು ಮಾತು. ಸಕ್ಕರೆ ಮತ್ತು ಆಮ್ಲೀಯತೆ ಜಾಸ್ತಿ ಇರುವ ತಿಳಿ ದ್ರವದಲ್ಲಿ ಬಹಳಷ್ಟು ಬ್ಯಾಕ್ಟೀರಿಯಾಕ್ಕೆ ಬೆಳೆಯುವುದು ಕಷ್ಟ. ಲಿಪಿಡ್‌ನಲ್ಲಿ ಅವು ಚೆನ್ನಾಗಿ ಬೆಳೆಯುತ್ತವೆ. ಬಲವಾದ ಕಾವಲು ಇರುವುದು ಕಡಿಮೆ ಅಪಾಯದ ಬಾಗಿಲಲ್ಲಿ! ಬರೀ ಲಿಪಿಡನ್ನು ಒಂದೇ ಬಾಟಲಿಯಿಂದ 12 ಗಂಟೆಗಿಂತ ಹೆಚ್ಚು ಹೊತ್ತು ಹನಿಸಬೇಡಿ ಎಂಬ ನಿಯಮ ಹುಟ್ಟಿದ್ದು ಇದಕ್ಕೇ. ಅಲ್ಲಿ ಫಿಲ್ಟರ್ ಮಾಡಲಾಗದ ಕೆಲಸವನ್ನು ಗಡಿಯಾರ ಮಾಡಬೇಕು.

ಯುರೋಪಿನ ಮಕ್ಕಳ ಪೋಷಣೆಯ 2018ರ ಮಾರ್ಗಸೂಚಿ ತಿಳಿ ದ್ರವಕ್ಕೆ 0.22, ಲಿಪಿಡ್‌ಗೆ 1.2ರಿಂದ 1.5 ಮೈಕ್ರಾನ್ ಎಂದು ಎರಡನ್ನು ಬೇರೆ ಮಾಡಿತು. ಅಮೆರಿಕದ ಪೋಷಣಾ ತಜ್ಞರ ಸಂಘ ಆಸ್ಪೆನ್ 2021ರಲ್ಲಿ ಎಲ್ಲಕ್ಕೂ 1.2 ಮೈಕ್ರಾನ್ ಸಾಕು ಎಂದಿತು. ಆ ಸಲಹೆಯ ಹಿಂದೆ ಕಾರಣವಿದೆ. 1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತ್ತು. ಟಿಪಿಎನ್‌ನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಹರಳುಗಟ್ಟಿ, ಶ್ವಾಸಕೋಶದ ನಾಳ ಮುಚ್ಚಿ ಇಬ್ಬರು ಸತ್ತಿದ್ದರು. ಹರಳು ತಡೆಯಲು 1.2 ಸಾಕು. ಒಂದೇ ಅಳತೆ ಇದ್ದರೆ ಗೊಂದಲವೂ ಕಡಿಮೆ. ಆದರೆ ದೊಡ್ಡವರ ವಾರ್ಡಿಗೆ ಒಪ್ಪುವ ಈ ಸರಳತೆಯನ್ನು ಒಂದು ಕಿಲೋ ಕೂಸಿಗೆ ತರುವಾಗ ನಾವು ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಗೊತ್ತಿರಬೇಕು. ಬ್ಯಾಕ್ಟೀರಿಯಾದ ತಡೆಯನ್ನೂ ಎಂಡೋಟಾಕ್ಸಿನ್ ತಡೆಯನ್ನೂ ಎರಡನ್ನೂ ಬಿಟ್ಟುಕೊಡುತ್ತಿದ್ದೇವೆ.

ಅಧ್ಯಯನಗಳು ಯಾಕೆ ಒಂದೇ ಮಾತು ಹೇಳುವುದಿಲ್ಲ?

ಜರ್ಮನಿಯ ಹ್ಯಾನೋವರ್‌ನಲ್ಲಿ ತೀವ್ರ ನಿಗಾ ಘಟಕದ 807 ಮಕ್ಕಳ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಕೊಳವೆಯಲ್ಲಿ ಫಿಲ್ಟರ್ ಇತ್ತು, ಉಳಿದವರಿಗೆ ಇರಲಿಲ್ಲ. ಇಡೀ ದೇಹ ಉರಿಯೂತಕ್ಕೆ ಒಳಗಾಗುವ ಸ್ಥಿತಿ ಫಿಲ್ಟರ್ ಇಲ್ಲದವರಲ್ಲಿ 30.3 ಶೇಕಡಾ, ಇದ್ದವರಲ್ಲಿ 22.4 ಶೇಕಡಾ. ನಿಗಾ ಘಟಕದಲ್ಲಿ ಇರಬೇಕಾದ ದಿನಗಳೂ ಕಡಿಮೆಯಾದವು.

ಇನ್ನೊಂದು ಕಡೆ, ನವಜಾತ ಶಿಶುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2015ರಲ್ಲಿ ಬಂತು. ನಾಲ್ಕು ಅಧ್ಯಯನ, 704 ಶಿಶುಗಳು. ಸಾವಿನಲ್ಲಿ, ರಕ್ತದ ಸೋಂಕಿನಲ್ಲಿ, ಕರುಳಿನ ಉರಿಯೂತದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಫಿಲ್ಟರ್ ಬಳಸಿ ಎಂದು ಹೇಳಲು ಪುರಾವೆ ಸಾಲದು ಎಂದು ವಿಮರ್ಶಕರು ಬರೆದರು.

ಎರಡೂ ನಿಜ ಇರಬಹುದು. ಮಕ್ಕಳ ರಕ್ತ ಸೇರುವ ಬ್ಯಾಕ್ಟೀರಿಯಾ ಬಹುಪಾಲು ಬರುವುದು ಚೀಲದಿಂದ ಅಲ್ಲ. ಕೊಳವೆ ಚರ್ಮ ಹೊಕ್ಕ ಜಾಗದಿಂದ, ಕೊಳವೆಯ ಜೋಡಣೆಯಿಂದ, ಮಗುವಿನದೇ ಕರುಳಿನಿಂದ. ಇವೆಲ್ಲ ಇರುವುದು ಫಿಲ್ಟರ್‌ನಿಂದ ಕೆಳಗೆ. ಮೇಲೆ ಕೂತ ಕಾವಲುಗಾರ ಕೆಳಗಿನ ಬಾಗಿಲನ್ನು ಕಾಯಲಾರ. ಹಾಗಾಗಿ ಸೋಂಕಿನ ಒಟ್ಟು ಸಂಖ್ಯೆ ಎಣಿಸಿದರೆ ಫಿಲ್ಟರ್‌ನ ಲಾಭ ಕಾಣಿಸದೇ ಹೋಗುವುದು ಸಹಜ. ಜೊತೆಗೆ ಹ್ಯಾನೋವರ್‌ನ ಲಾಭ ಎಂಡೋಟಾಕ್ಸಿನ್ ತಡೆದದ್ದರಿಂದಲೇ ಬಂತೆಂದು ಹೇಳಲಾಗದು. ಅಲ್ಲಿನ ಸಂಶೋಧಕರು ಹೆಚ್ಚು ಒತ್ತು ಕೊಟ್ಟದ್ದು ಗಾಜು, ರಬ್ಬರ್, ಔಷಧದ ಹರಳು ಮುಂತಾದ ಸಣ್ಣ ಕಣಗಳಿಗೆ. ಒಂದೇ ಫಿಲ್ಟರ್ ಎರಡನ್ನೂ ತಡೆಯುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಲು ಆ ಅಧ್ಯಯನದಿಂದ ಆಗುವುದಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ಚೀಲವೇ ಕೆಡುವುದು ಅಪರೂಪ. ಕೆಲವು ನೂರು ಮಕ್ಕಳ ಅಧ್ಯಯನದಲ್ಲಿ ಅದು ಒಮ್ಮೆಯೂ ನಡೆಯದೇ ಇರಬಹುದು. ಆದರೆ ನಡೆದಾಗ ಒಂದೇ ದಿನ ಹಲವು ಮಕ್ಕಳು ಬಲಿಯಾಗುತ್ತಾರೆ. ಮೆಕ್ಸಿಕೋದಲ್ಲಿ 2024ರ ಕೊನೆಯಲ್ಲಿ ಕ್ಲೆಬ್ಸಿಯೆಲ್ಲಾ ಆಕ್ಸಿಟೋಕಾ ಸೋಂಕಿನಿಂದ 13 ಮಕ್ಕಳು ಸತ್ತರೆಂದು ವರದಿಯಾಯಿತು. ಅನುಮಾನ ಹೋದದ್ದು ಐವಿ ಪೋಷಣೆಯ ಚೀಲಗಳ ಮೇಲೆ. ಅಮೆರಿಕದ ಅಲಬಾಮಾದಲ್ಲಿ 2011ರಲ್ಲಿ ಸೆರಾಷಿಯಾ ಸೇರಿದ ಟಿಪಿಎನ್‌ನಿಂದ 19 ಜನರಿಗೆ ಸೋಂಕಾಗಿ 9 ಮಂದಿ ಸತ್ತರು. ಅಮೈನೋ ಆಮ್ಲದ ಪುಡಿ ಕರಗಿಸಿ ದ್ರಾವಣ ಮಾಡುತ್ತಿದ್ದ ಜಾಗದ ನಲ್ಲಿಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಒಂದು ಮಾತು ಯೋಚಿಸಿ. ಅಂಥ ದ್ರಾವಣವನ್ನು ತಯಾರಿಸುವಲ್ಲೇ 0.2ರ ಸಾದಾ ಫಿಲ್ಟರ್‌ನಲ್ಲಿ ಸರಿಯಾಗಿ ಸೋಸಿದ್ದರೂ ಬ್ಯಾಕ್ಟೀರಿಯಾ ಮಾತ್ರ ಹೋಗುತ್ತಿತ್ತು. ಅವು ಬಿಟ್ಟ ಎಂಡೋಟಾಕ್ಸಿನ್ ಚೀಲದಲ್ಲೇ ಉಳಿಯುತ್ತಿತ್ತು. ಜೀವಾಣು ಪರೀಕ್ಷೆಯಲ್ಲಿ ಆ ಚೀಲ ಪಾಸೂ ಆಗುತ್ತಿತ್ತು.

ಇಂಗ್ಲೆಂಡಿನಲ್ಲಿ 2014ರ ಜೂನ್‌ನಲ್ಲಿ ನಡೆದದ್ದು ಇನ್ನೊಂದು ಎಚ್ಚರಿಕೆ. ಅಲ್ಲಿ ಹಲವು ಆಸ್ಪತ್ರೆಗಳ ನವಜಾತ ಶಿಶುಗಳಿಗೆ ಟಿಪಿಎನ್ ಮೂಲಕ ಬ್ಯಾಸಿಲಸ್ ಸೀರಿಯಸ್ ತಗುಲಿತು, ಮೂರು ಕೂಸುಗಳು ತೀರಿಕೊಂಡವು. ಈ ಬ್ಯಾಕ್ಟೀರಿಯಾ ಗ್ರಾಂ-ಪಾಸಿಟಿವ್. ಇದರಲ್ಲಿ ಎಂಡೋಟಾಕ್ಸಿನ್ ಇಲ್ಲ, ಬೇರೆ ಬಗೆಯ ವಿಷಗಳಿವೆ. ಎಂಡೋಟಾಕ್ಸಿನ್‌ಗೆಂದು ಮಾಡಿದ ಪೊರೆ ಅವನ್ನೂ ಹಿಡಿಯುತ್ತದೆಂದು ನಂಬಿ ಕೂರಲಾಗದು.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ಹಣವೂ ಜನರೂ ಕಡಿಮೆ ಇರುವ ಆಸ್ಪತ್ರೆ ಮೊದಲು ಖರ್ಚು ಮಾಡಬೇಕಾದ್ದು ಬೆರೆಸುವ ಕೋಣೆಯ ಗಾಳಿ, ನೀರು, ಕೈತೊಳೆತ, ಬಾಟಲಿ ತಪಾಸಣೆಯ ಮೇಲೆ. ದಿನವೂ ಆಗುವ ಸೋಂಕು ತಡೆಯಲು ಕೊಳವೆ ಮುಟ್ಟುವ ಕೈಯ ಶುಚಿತ್ವವೇ ಮುಖ್ಯ. ಫಿಲ್ಟರ್ ಅದಕ್ಕೆ ಬದಲಿ ಅಲ್ಲ. ಆದರೆ ನವಜಾತ ಶಿಶುಗಳಿಗೆ, ಮನೆಯಲ್ಲೇ ವರ್ಷಗಟ್ಟಲೆ ಟಿಪಿಎನ್ ಪಡೆಯುವ ಮಕ್ಕಳಿಗೆ, ತಿಳಿ ದ್ರವದ ಕೊಳವೆಯಲ್ಲಿ ಎಂಡೋಟಾಕ್ಸಿನ್ ಹಿಡಿಯುವ 0.2ರ ಫಿಲ್ಟರ್ ಇರಲೇಬೇಕು. ಅಧ್ಯಯನದಲ್ಲಿ ಲಾಭ ಕಾಣಲಿಲ್ಲ ಎಂದು ಅದನ್ನು ಬಿಡುವುದು ನನಗೆ ಸರಿಯೆನಿಸುವುದಿಲ್ಲ. ಆ ಅಧ್ಯಯನಗಳು ಎಣಿಸಿದ್ದು ದಿನನಿತ್ಯದ ಸೋಂಕನ್ನು. ಮೈಂಟ್ಸ್‌ನಂಥ ದಿನವನ್ನು ಅವು ಎಣಿಸಿಲ್ಲ, ಎಣಿಸಲೂ ಆಗದು.

ಮಗುವಿನ ತಂದೆತಾಯಿ ಇದನ್ನು ಓದುತ್ತಿದ್ದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. ಪಂಪ್ ಕೂಗುತ್ತದೆ, ಫಿಲ್ಟರ್ ಕಟ್ಟಿಕೊಂಡಿದೆ ಎನ್ನುತ್ತಾರೆ. ರಾತ್ರಿ ಎರಡು ಗಂಟೆ, ಎಲ್ಲರಿಗೂ ನಿದ್ದೆ, ಫಿಲ್ಟರ್ ತೆಗೆದು ನೇರ ಹರಿಸಿಬಿಡೋಣ ಎಂದು ಯಾರಿಗಾದರೂ ಅನಿಸಬಹುದು. ಹಾಗೆ ಮಾಡಬಾರದು. ಫಿಲ್ಟರ್ ಕಟ್ಟಿತು ಅಂದರೆ ಅದು ಏನನ್ನೋ ಹಿಡಿದಿರಬಹುದು. ಹರಳೋ, ಒಡೆದ ಕೊಬ್ಬೋ, ಬೇರೇನೋ. ಆ ಚೀಲ ನಿಲ್ಲಿಸಿ, ಅದನ್ನೂ ಫಿಲ್ಟರನ್ನೂ ಎಸೆಯದೆ ಇಟ್ಟುಕೊಂಡು, ಬೆರೆಸಿದವರಿಗೆ ತಿಳಿಸಬೇಕು. ಅಷ್ಟರಲ್ಲಿ ಮಗುವಿನ ರಕ್ತದ ಸಕ್ಕರೆ ಇಳಿಯದಂತೆ ಬೇರೆ ಗ್ಲೂಕೋಸ್ ಡ್ರಿಪ್ ಹಾಕಲು ಡಾಕ್ಟರು ಹೇಳುತ್ತಾರೆ. ಈ ಎರಡು ಕೊಳವೆಗಳಲ್ಲಿ ಯಾವ ಫಿಲ್ಟರ್ ಇದೆ, ಎಷ್ಟು ಗಂಟೆಗೆ ಬದಲಿಸುತ್ತೀರಿ, ಲಿಪಿಡ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲ ದಿನವೇ ನರ್ಸ್ ಹತ್ತಿರ ಕೇಳಿಟ್ಟುಕೊಳ್ಳಿ. ಒಳ್ಳೆಯ ಘಟಕದಲ್ಲಿ ಈ ಪ್ರಶ್ನೆಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಫಿಲ್ಟರ್ ಮೇಲೆ ಬರೆದ ತಾರೀಕು ಮತ್ತು ಗಂಟೆಯನ್ನು ನಿಮಗೆ ತೋರಿಸುತ್ತಾರೆ.